ಬೆಳ್ಳಿಗಾಗಿ ಬಗೆದ ಕಡಲು

ದೋಣಿಯ ಹಿಂಬದಿಯಲ್ಲಿ ಎರಡು ಲೋಹದ ಕೊಳವೆಗಳು. ಒಬ್ಬ ಆಳು ಒಳಗೆ ಹೊಕ್ಕು ಕೂರಬಹುದಾದಷ್ಟು ಅಗಲ. ನಡುವೆ ಲಂಬಕೋನಕ್ಕೆ ಬಾಗಿವೆ. ಹುಡುಕಬೇಕಾದ ಜಾಗ ಬಂದ ಕೂಡಲೇ ದೋಣಿ ಅಲುಗದ ಹಾಗೆ ಸುತ್ತಲೂ ಲಂಗರು ಬಿಗಿಯುತ್ತಾರೆ. ಕೊಳವೆಗಳನ್ನು ಕೆಳಗಿಳಿಸಿ ಪ್ರೊಪೆಲರ್‌ಗಳಿಗೆ ಎದುರಾಗಿ ಕೂರಿಸುತ್ತಾರೆ. ಆಮೇಲೆ ಎಂಜಿನ್ನಿನ ವೇಗ ಏರಿಸುತ್ತಾರೆ. ದೋಣಿಯನ್ನು ಮುಂದಕ್ಕೆ ದೂಡಬೇಕಾದ ನೀರೆಲ್ಲ ಕೊಳವೆಯೊಳಗೆ ತಿರುಗಿ ನೇರವಾಗಿ ಕಡಲ ತಳಕ್ಕೆ ನುಗ್ಗುತ್ತದೆ. ಕೆಲವೇ ನಿಮಿಷ ಸಾಕು. ಮರಳು, ಚಿಪ್ಪು, ಹುಲ್ಲು, ಹುಲ್ಲಿನ ಬುಡದಲ್ಲಿ ಬದುಕುವ ಹುಳು, ಏಡಿಮರಿ ಎಲ್ಲವೂ ಎದ್ದು ಹಾರಿ, ಒಂದು ಕೋಣೆ ಹಿಡಿಸುವಷ್ಟು ಗುಂಡಿ ಬಿದ್ದಿರುತ್ತದೆ. ಲೋಹಶೋಧಕ ಹಿಡಿದು ಒಬ್ಬ ಡೈವರ್ ಇಳಿಯುತ್ತಾನೆ. ಏನೂ ಸಿಗದಿದ್ದರೆ ಹಗ್ಗ ಸಡಿಲಿಸಿ, ದೋಣಿಯನ್ನು ತುಸು ಆಚೆ ಸರಿಸಿ, ಮತ್ತೊಂದು ಗುಂಡಿ. ಅದರ ಪಕ್ಕ ಇನ್ನೊಂದು.

ಫ್ಲೋರಿಡಾದಲ್ಲಿ ಇದಕ್ಕೆ ‘ಮೇಲ್‌ಬಾಕ್ಸ್’ ಅನ್ನುತ್ತಾರೆ. 1960ರ ದಶಕದಲ್ಲಿ ಮೆಲ್ ಫಿಶರ್ ಎಂಬ ನಿಧಿಶೋಧಕ ಇದನ್ನು ಬಳಕೆಗೆ ತಂದ. ಮೇಲಿನ ತಿಳಿನೀರನ್ನು ತಳಕ್ಕೆ ಕಳಿಸಿ ಡೈವರುಗಳಿಗೆ ಕಣ್ಣು ಕಾಣುವಂತೆ ಮಾಡುವುದು ಮೊದಲ ಉದ್ದೇಶವಾಗಿತ್ತು. ಗುಂಡಿ ತೋಡಲು ಇಷ್ಟು ಸಲೀಸಾದ ಸಾಧನ ಬೇರೊಂದಿಲ್ಲ ಎಂದು ಗೊತ್ತಾದದ್ದೇ ತಡ, ಅಲ್ಲಿನ ನಿಧಿ ಹುಡುಕಾಟಕ್ಕೆಲ್ಲ ಇದೇ ಹಾರೆ, ಇದೇ ಗುದ್ದಲಿಯಾಯಿತು. ಕೈಯಿಂದ ಮರಳು ಸರಿಸುತ್ತ ಕೂತರೆ ವಾರಗಟ್ಟಲೆ ಹಿಡಿಯುವ ಜಾಗವನ್ನು ಒಂದು ಮಧ್ಯಾಹ್ನದಲ್ಲಿ ಬಗೆದು ಹಾಕಬಹುದಲ್ಲ!

ನನ್ನ ಸಿಟ್ಟು ಈ ಕೊಳವೆಗಳ ಮೇಲೆ. ಅದಕ್ಕಿಂತ ಹೆಚ್ಚಾಗಿ ಅವನ್ನು ಓಡಿಸುವ ಮನಸ್ಸಿನ ಮೇಲೆ. ಬೆಳ್ಳಿ ಬಂಗಾರ ಬಿಟ್ಟರೆ ಕಡಲ ತಳದಲ್ಲಿ ಇರುವುದೆಲ್ಲ ಕಸ ಎಂದು ತಿಳಿದಿರುವ ಮನಸ್ಸು ಅದು. ಆ ಮನಸ್ಸಿಗೆ ಐವತ್ತು ವರ್ಷಗಳಿಂದ ಪತ್ರಿಕೆಗಳು ಆರತಿ ಎತ್ತಿವೆ, ಸಿನಿಮಾದವರು ಕಥೆ ಕಟ್ಟಿದ್ದಾರೆ, ಹರಾಜು ಕಂಪನಿಗಳು ಬಣ್ಣದ ಪುಸ್ತಕ ಅಚ್ಚು ಹಾಕಿವೆ. ಸಾಹಸ ಎಂಬ ಹೆಸರಿನಲ್ಲಿ ನಾವು ಓದಿಕೊಂಡು ಬಂದದ್ದು ಒಂದು ಧ್ವಂಸದ ವರದಿ.

ಫಿಶರ್ ತಂಡ ಹುಡುಕಿದ್ದು ಯಾವ ಹಡಗನ್ನು? ‘ನುಯೆಸ್ತ್ರಾ ಸೆನ್ಯೋರಾ ದೆ ಅಟೋಚಾ’. 1622ರ ಸೆಪ್ಟೆಂಬರ್ 4ರಂದು ಹವಾನಾದಿಂದ ಸ್ಪೇನಿಗೆ ಹೊರಟ 28 ಹಡಗುಗಳ ದಂಡಿನಲ್ಲಿ ಅದು ಕಾವಲಿಗೆಂದು ಕೊನೆಯಲ್ಲಿ ಬರುತ್ತಿತ್ತು. ಹೊರಟ ಬೆನ್ನಿಗೇ ಚಂಡಮಾರುತ ಎದ್ದಿತು. ಫ್ಲೋರಿಡಾ ಕೀಸ್ ದ್ವೀಪಗಳ ಬಳಿ ಹವಳದ ದಿಬ್ಬಕ್ಕೆ ಬಡಿದು ಹಡಗು ಮುಳುಗಿತು. ಅದರಲ್ಲಿದ್ದ 265 ಜನರಲ್ಲಿ 260 ಮಂದಿ ಸತ್ತರು. ನೀರಿನ ಮೇಲೆ ಉಳಿದಿದ್ದ ಹಾಯಿಕಂಬವನ್ನು ಅವಚಿಕೊಂಡು ಬದುಕಿದವರು ಐದೇ ಜನ: ಮೂವರು ನಾವಿಕರು, ಇಬ್ಬರು ಗುಲಾಮರು.

ಹಡಗಿನ ಸರಕಿನ ಪಟ್ಟಿ ಉಳಿದಿದೆ. ಸುಮಾರು 24 ಟನ್ ಬೆಳ್ಳಿ ಗಟ್ಟಿ, 125 ಚಿನ್ನದ ಗಟ್ಟಿ ಮತ್ತು ಬಿಲ್ಲೆ, 582 ತಾಮ್ರದ ಗಟ್ಟಿ, 350 ಪೆಟ್ಟಿಗೆ ನೀಲಿ ಬಣ್ಣ, 525 ಮೂಟೆ ತಂಬಾಕು. ಈ ಪಟ್ಟಿಯನ್ನು ನಿಧಿಶೋಧಕರು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಆ ಬೆಳ್ಳಿ ಹಡಗಿಗೆ ಬಂದದ್ದು ಎಲ್ಲಿಂದ? ಬಹುಪಾಲು ಈಗಿನ ಬೊಲಿವಿಯಾದ ಪೊಟೊಸಿ ಬೆಟ್ಟದಿಂದ. 1545ರಲ್ಲಿ ಆ ಬೆಟ್ಟ ಸ್ಪೇನಿನವರ ಕಣ್ಣಿಗೆ ಬಿತ್ತು. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ‘ಮಿತಾ’ ಎಂಬ ಕಡ್ಡಾಯ ದುಡಿಮೆಯನ್ನು ಜಾರಿಗೆ ತಂದ. ಸುತ್ತಲಿನ ಪ್ರಾಂತ್ಯಗಳ ಆದಿವಾಸಿ ಗಂಡಸರಲ್ಲಿ ಏಳಕ್ಕೆ ಒಬ್ಬ ಸರದಿಯಂತೆ ಊರು ಬಿಟ್ಟು ಬಂದು ಗಣಿಗೆ ಇಳಿಯಬೇಕು. ಅದಿರನ್ನು ಪುಡಿ ಮಾಡಿ, ಪಾದರಸ ಬೆರೆಸಿ, ಬರಿಗಾಲಲ್ಲಿ ತುಳಿಯಬೇಕು. ಹೀಗೆ ಬೆಟ್ಟದ ಹೊಟ್ಟೆಯಿಂದ ಬೆಳ್ಳಿ ಕಿತ್ತವರು ಆ ಬೆಳ್ಳಿಗೆ ಒಡೆಯರಾಗಲಿಲ್ಲ. ‘ನಿಧಿ’ ಎಂದು ನಾವು ಕಣ್ಣರಳಿಸುವುದು ಇದಕ್ಕೆ.

ಹಡಗು ಮುಳುಗಿದ ಮೇಲೆ ಅದನ್ನು ಎತ್ತಲು ನೀರಿಗಿಳಿದವರೂ ಅಂಥವರೇ. 1626ರಲ್ಲಿ ಫ್ರಾನ್ಸಿಸ್ಕೊ ನುನ್ಯೆಸ್ ಮೆಲಿಯಾನ್ ಎಂಬಾತ ತಾಮ್ರದ ದೊಡ್ಡ ಗಂಟೆಯೊಂದನ್ನು ಎರಕ ಹೊಯ್ಯಿಸಿದ. ಅದರೊಳಗೆ ಒಬ್ಬ ಮನುಷ್ಯನನ್ನು ಕೂರಿಸಿ ನೀರಿನಡಿ ಎಳೆದುಕೊಂಡು ಹೋಗುವುದು. ಏನಾದರೂ ಕಂಡರೆ ಅವನು ಉಸಿರು ಬಿಗಿಹಿಡಿದು ಈಜಿಕೊಂಡು ಹೋಗಿ ತರುವುದು. ಅಟೋಚಾದ ಜೊತೆಗೆ ಮುಳುಗಿದ್ದ ‘ಸಾಂತಾ ಮಾರ್ಗರಿತಾ’ವನ್ನು ಹಾಗೆ ಪತ್ತೆ ಹಚ್ಚಿ, ಬೆಳ್ಳಿ ಗಟ್ಟಿಯೊಂದನ್ನು ಎದೆಗವಚಿಕೊಂಡು ಮೇಲೆ ಬಂದವನು ಹುವಾನ್ ಬಾನ್ಯೊನ್ ಎಂಬ ಗುಲಾಮ. ಮೊದಲು ಕಂಡುಹಿಡಿದವನಿಗೆ ಬಿಡುಗಡೆ ಎಂದು ಮಾತು ಕೊಟ್ಟಿದ್ದರಂತೆ. ಮಿಕ್ಕ ಮುಳುಗುಗಾರರು ಯಾರು ಯಾರು, ಎಷ್ಟು ಜನ ಮೇಲೆ ಬರಲೇ ಇಲ್ಲ ಎಂಬುದಕ್ಕೆ ಸರಕಿನ ಪಟ್ಟಿಯಂಥ ಪಟ್ಟಿ ಇಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದು.

ಅಟೋಚಾ ಮಾತ್ರ ಸಿಗಲಿಲ್ಲ. 1622ರ ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ಚಂಡಮಾರುತ ಅದನ್ನು ಒಡೆದು ಚೆಲ್ಲಾಪಿಲ್ಲಿ ಮಾಡಿತ್ತು. 1969ರಲ್ಲಿ ಫಿಶರ್ ಅದರ ಬೆನ್ನು ಹತ್ತಿದ. ಹುಡುಕುತ್ತಿದ್ದ ಜಾಗವೇ ತಪ್ಪು ಎಂದು ತೋರಿಸಿಕೊಟ್ಟವನು ಯೂಜೀನ್ ಲಿಯಾನ್ ಎಂಬ ಇತಿಹಾಸಕಾರ. ಸೆವಿಲ್ಲಾದ ದಾಖಲೆ ಭಂಡಾರದಲ್ಲಿ ಹುಳ ತಿಂದ ಕಾಗದಗಳ ಮುಂದೆ ಕೂತು, ಹಡಗು ಮುಳುಗಿದ್ದು ಕೀ ವೆಸ್ಟ್‌ನ ಪಶ್ಚಿಮಕ್ಕಿರುವ ಮಾರ್ಕೇಸಾಸ್ ದ್ವೀಪಗಳ ಕಡೆ ಎಂದು ಆತ ಓದಿ ಹೇಳಿದ. ಅಲ್ಲಿಂದ ಮುಂದೆ ಲಂಗರು ಸಿಕ್ಕಿತು, ಬೆಳ್ಳಿ ಗಟ್ಟಿ ಸಿಕ್ಕಿತು. 1975ರ ಜುಲೈನಲ್ಲಿ ಫಿಶರನ ಮಗ ಡರ್ಕ್ ಕಂಚಿನ ಫಿರಂಗಿಗಳನ್ನು ಕಂಡ. ಒಂದು ವಾರ ಕಳೆದು, ಜುಲೈ 20ರ ರಾತ್ರಿ, ಅವರ ದೋಣಿ ಮಗುಚಿ ಡರ್ಕ್, ಅವನ ಹೆಂಡತಿ ಏಂಜೆಲ್ ಮತ್ತು ರಿಕ್ ಗೇಜ್ ಎಂಬ ಡೈವರ್ ಸತ್ತರು. ಹೆತ್ತವರಿಗೆ ಅದು ಎಂಥ ಸಂಕಟ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಸಂಕಟದ ಮುಂದೆ ನಾನು ತಲೆ ಬಾಗುತ್ತೇನೆ. ಆದರೆ ಮೂರು ಜೀವ ಹೋದ ಮೇಲೂ ನಿಲ್ಲದ ಹುಡುಕಾಟವನ್ನು ಛಲ ಎಂದು ಕೊಂಡಾಡಲು ನನ್ನಿಂದಾಗದು. ಸರಿಯಾಗಿ ಹತ್ತು ವರ್ಷದ ಮೇಲೆ, 1985ರ ಜುಲೈ 20ರಂದು, ಇನ್ನೊಬ್ಬ ಮಗ ಕೇನ್‌ನ ತಂಡಕ್ಕೆ ಬೆಳ್ಳಿಯ ದೊಡ್ಡ ರಾಶಿ ಸಿಕ್ಕಿತು. ಬೆಲೆ 40 ಕೋಟಿ ಡಾಲರ್ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಕೂಗಿದವು.

ಆ ಕೂಗಿನಲ್ಲಿ ಮುಚ್ಚಿಹೋದ ಇನ್ನೊಂದು ಹಡಗಿನ ಕಥೆ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಅದನ್ನು ನೆನೆದಾಗ.

1972ರಲ್ಲಿ ಅಟೋಚಾ ಹುಡುಕುತ್ತಿದ್ದ ಫಿಶರ್ ತಂಡಕ್ಕೆ ಕೀ ವೆಸ್ಟ್‌ನ ಪಶ್ಚಿಮದ ನ್ಯೂ ಗ್ರೌಂಡ್ ದಿಬ್ಬದ ಬಳಿ ಕಬ್ಬಿಣದ ಸುಳಿವು ಸಿಕ್ಕಿತು. ಡೈವರುಗಳು ಇಳಿದು ನೋಡಿದರು. ಫಿರಂಗಿಗಳಿದ್ದವು. ಅವುಗಳ ಜೊತೆ ತುಕ್ಕು ಗಟ್ಟಿಕೊಂಡ ಕಬ್ಬಿಣದ ತುಂಡುಗಳು ಕೈಗೆ ಬಂದವು. ಅಂಟಿದ್ದ ಸುಣ್ಣ ಬಿಡಿಸಿ ನೋಡಿದರೆ ಬೇಡಿಗಳು. ಮನುಷ್ಯರ ಕೈಗೆ ಹಾಕುವ, ಕಾಲಿಗೆ ಹಾಕುವ ಬೇಡಿಗಳು. ಇದು ಅಟೋಚಾ ಅಲ್ಲ ಎಂದು ಗೊತ್ತಾಯಿತು. ಬೆಳ್ಳಿ ಇಲ್ಲ ಎಂದೂ ಗೊತ್ತಾಯಿತು. ದೋಣಿ ಮುಂದಕ್ಕೆ ಹೋಯಿತು.

ಹನ್ನೊಂದು ವರ್ಷ ಆ ಬೇಡಿಗಳನ್ನು ಕೇಳುವವರಿರಲಿಲ್ಲ. 1983ರಲ್ಲಿ ಪುರಾತತ್ವಜ್ಞರೊಬ್ಬರ ಜೊತೆ ತಂಡ ಅಲ್ಲಿಗೆ ಮರಳಿತು. ಆಗ ಒಂದು ಕಂಚಿನ ಗಂಟೆ ಸಿಕ್ಕಿತು. ಅದರ ಮೇಲೆ ‘ಹೆನ್ರಿಯೆಟಾ ಮರಿ, 1699’ ಎಂದು ಎರಕದಲ್ಲೇ ಬರೆದಿತ್ತು. ಲಂಡನ್ನಿನಿಂದ ಹೊರಟ ಗುಲಾಮರ ಹಡಗು ಅದು. ಆಫ್ರಿಕಾದಿಂದ ಹಿಡಿದು ತಂದ ಸುಮಾರು 190 ಜನರನ್ನು 1700ರಲ್ಲಿ ಜಮೈಕಾದಲ್ಲಿ ಮಾರಿ, ಸಕ್ಕರೆ ಹತ್ತಿ ತುಂಬಿಕೊಂಡು ಊರಿಗೆ ಮರಳುವಾಗ ಮುಳುಗಿತ್ತು. ಅದರಲ್ಲಿ ಸಿಕ್ಕ ಬೇಡಿಗಳು 80 ಜೊತೆಗೂ ಹೆಚ್ಚು. ಅವುಗಳಲ್ಲಿ ಕೆಲವು ತೀರಾ ಚಿಕ್ಕವು. ದೊಡ್ಡವರ ಮುಂಗೈಗೆ ಹಿಡಿಯುವುದಿಲ್ಲ. ಮಕ್ಕಳ ಕೈಯ ಅಳತೆ.

ಒಂದು ನಿಮಿಷ ಆ ಚಿಕ್ಕ ಬೇಡಿಯ ಮುಂದೆ ನಿಲ್ಲಿ. ಕಮ್ಮಾರನೊಬ್ಬ ಕುಲುಮೆಯ ಮುಂದೆ ಕೂತು, ಕಬ್ಬಿಣ ಕಾಯಿಸಿ, ಮಗುವಿನ ಮುಂಗೈ ಎಷ್ಟು ದಪ್ಪ ಇರಬಹುದೆಂದು ಲೆಕ್ಕ ಹಾಕಿ ಬಗ್ಗಿಸಿದ್ದಾನೆ. ಯಾರೋ ಅದಕ್ಕೆ ದುಡ್ಡು ಎಣಿಸಿದ್ದಾರೆ. ಅಮೆರಿಕದ ನೀರಿನಲ್ಲಿ ಸಿಕ್ಕ ಯಾವ ಚಿನ್ನದ ಸರ ಇದಕ್ಕೆ ಸಮ? ನಿಧಿಶೋಧಕರ ಪುಸ್ತಕದಲ್ಲಿ ಇದರ ಬೆಲೆ ಸೊನ್ನೆ. ಅದಕ್ಕೇ ಹನ್ನೊಂದು ವರ್ಷ ನೀರಲ್ಲಿ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು ಅನ್ನಬೇಕು, ಬೆಳ್ಳಿಯ ಆಸೆಗೆ ಆ ಜಾಗವನ್ನೂ ಬಗೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಕೀ ವೆಸ್ಟ್‌ನಲ್ಲಿ ಫಿಶರನ ಹೆಸರಿನಲ್ಲೇ ಇರುವ ವಸ್ತು ಸಂಗ್ರಹಾಲಯ ಆ ಹಡಗನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿಸಿತು, ಬೇಡಿಗಳನ್ನು ದೇಶದ ತುಂಬ ಪ್ರದರ್ಶನಕ್ಕೆ ಒಯ್ಯಿತು. ಈ ಒಳ್ಳೆಯ ಕೆಲಸವನ್ನು ಮುಚ್ಚಿಡುವುದು ನ್ಯಾಯವಲ್ಲ. 1993ರಲ್ಲಿ ಅಮೆರಿಕದ ಕಪ್ಪು ಡೈವರುಗಳ ಸಂಘದವರು ಅಲ್ಲಿಗೆ ಹೋಗಿ, ಕಡಲ ತಳದಲ್ಲಿ ಆಫ್ರಿಕಾದ ಕಡೆಗೆ ಮುಖ ಮಾಡಿದ ಒಂದು ಸ್ಮಾರಕ ಕಲ್ಲು ನಿಲ್ಲಿಸಿದರು. ಅವರು ಏನನ್ನೂ ಎತ್ತಲು ಹೋಗಿರಲಿಲ್ಲ. ತಮ್ಮವರಿಗೆ ಒಂದು ಗುರುತು ಇಟ್ಟು ಬಂದರು.

ಅದೇ ಕಾಲದಲ್ಲಿ ಮೇಲ್‌ಬಾಕ್ಸ್‌ಗಳು ಏನು ಮಾಡುತ್ತಿದ್ದವು ನೋಡಿ. 1990ರಲ್ಲಿ ಅಮೆರಿಕದ ಸಂಸತ್ತು ಫ್ಲೋರಿಡಾ ಕೀಸ್ ಸುತ್ತಲಿನ ಕಡಲನ್ನು ರಕ್ಷಿತ ಪ್ರದೇಶ ಎಂದು ಸಾರಿತು. ಎರಡು ವರ್ಷವೂ ತುಂಬಿರಲಿಲ್ಲ. 1992ರ ಆರಂಭದಲ್ಲಿ ಮ್ಯಾರಥಾನ್ ಊರಿನ ಬಳಿಯ ಕಾಫಿನ್ಸ್ ಪ್ಯಾಚ್ ಎಂಬಲ್ಲಿ ಫಿಶರ್ ಕಡೆಯ ದೋಣಿಗಳು ಸ್ಪೇನಿನ ನಿಧಿ ಹುಡುಕುತ್ತ, ಕಡಲ ಹುಲ್ಲಿನ ಬಯಲಿನಲ್ಲಿ ನೂರಕ್ಕೂ ಹೆಚ್ಚು ಗುಂಡಿ ತೋಡಿದವು. ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಹಾಳಾದ ಹುಲ್ಲಿನ ಜಾಗ 1.63 ಎಕರೆ ಎಂದು ಲೆಕ್ಕವಾಯಿತು. 1997ರಲ್ಲಿ ತೀರ್ಪು ಬಂತು: ಸುಮಾರು 5.9 ಲಕ್ಷ ಡಾಲರ್ ಪರಿಹಾರ ಕಟ್ಟಬೇಕು, ಎತ್ತಿದ ವಸ್ತುಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಮೇಲ್ಮನವಿಯಲ್ಲೂ ತೀರ್ಪು ನಿಂತಿತು.

ಒಂದೂವರೆ ಎಕರೆ ಚಿಲ್ಲರೆ, ಅಷ್ಟಕ್ಕೇ ಇಷ್ಟು ರಾದ್ಧಾಂತವೇ ಎನ್ನುವವರಿದ್ದಾರೆ. ಆ ಹುಲ್ಲು ಏನೆಂದು ಅವರಿಗೆ ಗೊತ್ತಿಲ್ಲ. ಅಲ್ಲಿ ಹೆಚ್ಚಾಗಿ ಬೆಳೆಯುವುದಕ್ಕೆ ಆಮೆ ಹುಲ್ಲು ಎಂದು ಹೆಸರು. ಗರಿಕೆಯ ಹಾಗೆ ಮಣ್ಣಿನೊಳಗೆ ಅಡ್ಡ ಹರಿಯುವ ಬೇರುಕಾಂಡ ಅದಕ್ಕಿದೆ. ಆದರೆ ಗರಿಕೆಯ ಚುರುಕು ಅದಕ್ಕಿಲ್ಲ. ಬೇರುಕಾಂಡ ತೀರಾ ನಿಧಾನವಾಗಿ ಮುಂದೆ ಸಾಗುತ್ತದೆ. ಬುಡ ಸಮೇತ ಹಾರಿಹೋದ ಜಾಗದಲ್ಲಿ ಮತ್ತೆ ಹುಲ್ಲು ಕೂಡಿಕೊಳ್ಳಲು ವರ್ಷಗಟ್ಟಲೆ, ಕೆಲವು ಕಡೆ ದಶಕಗಟ್ಟಲೆ ಬೇಕು. ಅಷ್ಟರಲ್ಲಿ ಗುಂಡಿಯ ಅಂಚು ಅಲೆಗೆ ಕುಸಿಯುತ್ತದೆ, ಗುಂಡಿ ಇನ್ನಷ್ಟು ಅಗಲವಾಗುತ್ತದೆ. ಕಡಲಾಮೆ ಮೇಯುವುದು ಈ ಹುಲ್ಲನ್ನೇ, ಮನಾಟಿ ಎಂಬ ಸಾಧು ಪ್ರಾಣಿಯೂ ಇದನ್ನೇ. ಸೀಗಡಿ, ಮುಳ್ಳುಸೀಗಡಿ, ಹವಳ ದಿಬ್ಬದ ಎಷ್ಟೋ ಮೀನುಗಳ ಮರಿಗಳು ಬೆಳೆಯುವುದು ಈ ಎಲೆಗಳ ಮರೆಯಲ್ಲಿ. ನೀರಿನ ಕೆಸರು ತಳದಲ್ಲಿ ಕೂತು ಮೇಲೆ ತಿಳಿಯಾಗುವುದು ಈ ಬೇರುಗಳ ಹಿಡಿತದಿಂದ. ನೂರು ಗುಂಡಿ ತೋಡಿದವರ ಲೋಹಶೋಧಕಕ್ಕೆ ಇದೊಂದೂ ಕೇಳಿಸುವುದಿಲ್ಲ. ಅದು ಕೂಗುವುದು ಲೋಹ ಕಂಡಾಗ ಮಾತ್ರ.

ಪರಿಹಾರದ ದುಡ್ಡು ಕಟ್ಟಿದರೆ ಮುಗಿಯಿತೇ? ಅಪ್ಪಣೆ ಕೇಳದೆ ಊರಿನ ಗೋಮಾಳ ಅಗೆದು, ಸಿಕ್ಕಿಬಿದ್ದ ಮೇಲೆ ದಂಡ ಕಟ್ಟುವವನನ್ನು ನಾವು ಸಾಹಸಿ ಅನ್ನುತ್ತೇವೆಯೇ?

ನಿಧಿಶೋಧಕರದು ಒಂದು ಹಳೆಯ ವಾದ. ‘ಚಂಡಮಾರುತವೇ ಹಡಗನ್ನು ಒಡೆದು ಹಾಕಿದೆ. ಹಡಗುಹುಳು ಮರ ತಿಂದಿದೆ. ನಾವು ಎತ್ತದಿದ್ದರೆ ಉಳಿದದ್ದೂ ಹಾಳಾಗುತ್ತಿತ್ತು.’ ಕೇಳಿದರೆ ಸರಿ ಎನ್ನಿಸುತ್ತದೆ. ಆದರೆ ಅಟೋಚಾ ಸಿಕ್ಕಿದ್ದಾದರೂ ಹೇಗೆ? ಲಂಗರು ಎಲ್ಲಿ ಬಿದ್ದಿದೆ, ಫಿರಂಗಿ ಎಲ್ಲಿ, ನಾಣ್ಯ ಯಾವ ದಿಕ್ಕಿಗೆ ಚೆದುರಿವೆ ಎಂದು ನಕ್ಷೆಯ ಮೇಲೆ ಗುರುತು ಹಾಕಿ ಹಾಕಿ, ಆ ಗೆರೆಯನ್ನು ಹಿಡಿದೇ ಅವರು ದೊಡ್ಡ ರಾಶಿಯ ಬಳಿಗೆ ಬಂದದ್ದು. ಅಂದರೆ ಬಿದ್ದ ಜಾಗವೇ ಸಾಕ್ಷಿ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ತಮಗೆ ಬೇಕಾದಷ್ಟು ಹೊತ್ತು ಆ ಸಾಕ್ಷಿ ಬಳಸಿಕೊಂಡರು. ಬೆಳ್ಳಿ ಸಿಕ್ಕ ಮೇಲೆ ಅದು ಯಾರಿಗೂ ಬೇಡದ ಮರಳಾಯಿತು. ಪ್ರೊಪೆಲರ್‌ನ ನೀರು ಒಮ್ಮೆ ಹೊಡೆದರೆ ಹಗುರವಾದದ್ದು ಎಲ್ಲವೂ ಹೋಯಿತು. ಚರ್ಮದ ಚೂರು, ಹಗ್ಗದ ಎಳೆ, ಬೀಜ, ಎಲುಬು. ಮರಳಿನಡಿ ಗಾಳಿ ತಾಗದೆ ಮುನ್ನೂರು ನಾನ್ನೂರು ವರ್ಷ ಉಳಿದ ಮರ ಬಯಲಿಗೆ ಬಂದರೆ ಹಡಗುಹುಳುವಿಗೆ ಊಟ. ಹುಳುವಿನ ಬಾಯಿಗೆ ಇಟ್ಟವರೇ ಹುಳು ತಿಂದಿತು ಎಂದು ಹೇಳುತ್ತಾರೆ.

ಇನ್ನು ಎತ್ತಿದ ವಸ್ತುಗಳು. ದುಡ್ಡು ಹೂಡಿದವರಿಗೆ ಪಾಲು ಹಂಚಲಾಯಿತು. 1988ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಕಟ್ಟೆಗೂ ಬಂದವು. ಒಂದು ಹಡಗಿನಲ್ಲಿ ಒಟ್ಟಿಗೆ ಹೊರಟು, ಒಟ್ಟಿಗೆ ಮುಳುಗಿ, 363 ವರ್ಷ ಒಟ್ಟಿಗೆ ಇದ್ದ ಸಾಮಾನುಗಳು ಯಾವ ಯಾವ ಊರಿನ ಯಾವ ಯಾವ ಬೀರು ಸೇರಿದವೋ. ಇನ್ನೊಮ್ಮೆ ಅವನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವುದು ಯಾರಿಂದಲೂ ಸಾಧ್ಯವಿಲ್ಲ.

ಬೇರೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ. ಅದೇ ಫ್ಲೋರಿಡಾದ ಪೆನ್ಸಕೋಲಾ ಕೊಲ್ಲಿಯಲ್ಲಿ 1992ರಲ್ಲಿ ಇನ್ನೊಂದು ಸ್ಪೇನಿನ ಹಡಗು ಸಿಕ್ಕಿತು. 1559ರಲ್ಲಿ ತ್ರಿಸ್ತಾನ್ ದೆ ಲೂನಾ ಅಲ್ಲಿ ಊರು ಕಟ್ಟಲು ಬಂದಾಗ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಹಡಗುಗಳಲ್ಲಿ ಅದು ಒಂದು. ಅದರಲ್ಲಿ ಬೆಳ್ಳಿಯ ರಾಶಿ ಇರಲಿಲ್ಲ. ಹಾಗಾಗಿ ಪುರಾತತ್ವಜ್ಞರು ಹಗ್ಗ ಕಟ್ಟಿ ಚೌಕ ಹಾಕಿ, ಒಂದೊಂದು ಚೌಕದ ಕೆಸರನ್ನೂ ಜರಡಿ ಹಿಡಿದು ನೋಡಿದರು. ಏನು ಸಿಕ್ಕಿತು ಗೊತ್ತೇ? ಇಲಿಯ ಎಲುಬುಗಳು. ಜಿರಳೆಯ ಚೂರುಗಳು. ಆಲಿವ್ ಹಣ್ಣಿನ ಬೀಜಗಳು. ಹಾಯಿಹಡಗಿನ ಆಕಾರಕ್ಕೆ ಕೆತ್ತಿದ ಒಂದು ಪುಟ್ಟ ಮರದ ತುಂಡು. ನಾವಿಕರಲ್ಲಿ ಯಾರೋ ಬಿಡುವಿನಲ್ಲಿ ಕೂತು ಕೆತ್ತಿರಬೇಕು. ಅವರು ಏನು ತಿಂದರು, ಯಾವ ಕ್ರಿಮಿಕೀಟಗಳ ಜೊತೆ ಮಲಗಿದರು, ಬೇಸರ ಬಂದಾಗ ಕೈ ಏನು ಮಾಡುತ್ತಿತ್ತು ಎಂಬುದು ನಾನ್ನೂರು ವರ್ಷದ ಮೇಲೆ ತಿಳಿಯಿತು. ಇದೇ ಜಾಗದಲ್ಲಿ ಮೇಲ್‌ಬಾಕ್ಸ್ ಇಳಿಸಿದ್ದರೆ ಆ ಮರದ ತುಂಡು ಕೆಸರಿನೊಡನೆ ಎಲ್ಲಿ ಹೋಗುತ್ತಿತ್ತೋ.

ಕೆನಡಾದ ಲ್ಯಾಬ್ರಡಾರ್ ಕರಾವಳಿಯ ರೆಡ್ ಬೇ ಕೂಡ ನೆನಪಾಗುತ್ತದೆ. 1565ರಲ್ಲಿ ಅಲ್ಲಿ ಸ್ಪೇನಿನ ಬಾಸ್ಕ್ ನಾಡಿನ ತಿಮಿಂಗಿಲ ಬೇಟೆಯ ಹಡಗೊಂದು ಮುಳುಗಿತ್ತು. ಸೆಲ್ಮಾ ಬಾರ್ಕಮ್ ಎಂಬ ಹೆಣ್ಣುಮಗಳು ಬಾಸ್ಕ್ ಊರುಗಳ ದಾಖಲೆಗಳನ್ನು ವರ್ಷಗಟ್ಟಲೆ ಓದಿ ಅದರ ಸುಳಿವು ಕೊಟ್ಟಳು. 1978ರಲ್ಲಿ ಹಡಗು ಸಿಕ್ಕಿತು. ಫಿಶರ್ ತಂಡ ಗುಂಡಿ ತೋಡುತ್ತಿದ್ದ ವರ್ಷಗಳಲ್ಲೇ ಕೆನಡಾದ ಸರ್ಕಾರಿ ಪುರಾತತ್ವಜ್ಞರು ಆ ಕೊರೆಯುವ ಚಳಿನೀರಿಗೆ ಇಳಿದರು. ಹಡಗಿನ ಸುಮಾರು ಮೂರು ಸಾವಿರ ಮರದ ತುಂಡುಗಳನ್ನು ಒಂದೊಂದಾಗಿ ಮೇಲೆ ತಂದು, ಅಳೆದು, ಚಿತ್ರ ಬರೆದು, ಅಚ್ಚು ತೆಗೆದು, ಮತ್ತೆ ಅದೇ ತಳದಲ್ಲಿ ಮರಳು ಮುಚ್ಚಿ ಹೂಳಿದರು. ಯಾರಿಗೂ ಪಾಲು ಸಿಗಲಿಲ್ಲ. ಆ ಅಳತೆಗಳನ್ನು ಇಟ್ಟುಕೊಂಡು ಬಾಸ್ಕ್ ನಾಡಿನ ಬಡಗಿಗಳು ಪಸಾಯಾ ಬಂದರಿನಲ್ಲಿ ಅದೇ ಹಡಗನ್ನು ಮರಳಿ ಕಟ್ಟಲು ಹೊರಟರು. ಹಳೆಯ ದಾಖಲೆ ಓದುವ ಇತಿಹಾಸಕಾರರು ಎರಡೂ ಕಡೆ ಇದ್ದರು, ಡೈವರುಗಳೂ ಇದ್ದರು, ಕಡಲೂ ಒಂದೇ. ಒಂದು ಕಡೆ ಹಡಗು ಉಳಿಯಿತು, ಒಂದು ಕಡೆ ಬೆಳ್ಳಿ ಉಳಿಯಿತು.

ಈಚಿನ ಕಂಪನಿಗಳು ಆಳ ಕಡಲಿಗೆ ಯಂತ್ರಮಾನವನನ್ನು ಇಳಿಸುತ್ತವೆ. ಬುದ್ಧಿ ಮಾತ್ರ ಹಳೆಯದೇ. 2007ರಲ್ಲಿ ಅಮೆರಿಕದ ಒಡಿಸ್ಸಿ ಮೆರೀನ್ ಎಕ್ಸ್‌ಪ್ಲೊರೇಶನ್ ಕಂಪನಿ ಅಟ್ಲಾಂಟಿಕ್ ತಳದಿಂದ ಸುಮಾರು 5.94 ಲಕ್ಷ ನಾಣ್ಯ, 17 ಟನ್ ತೂಕ, ಎತ್ತಿ ವಿಮಾನದಲ್ಲಿ ಫ್ಲೋರಿಡಾಕ್ಕೆ ಒಯ್ದಿತು. ಹಡಗಿನ ಹೆಸರು ಹೇಳದೆ ‘ಕಪ್ಪು ಹಂಸ’ ಎಂದು ಗುಟ್ಟಿನ ಹೆಸರಿಟ್ಟಿತ್ತು. ನಾಣ್ಯಗಳನ್ನು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ತುಂಬಿಟ್ಟ ಚಿತ್ರ ಲೋಕವೆಲ್ಲ ನೋಡಿತು. ಅದು 1804ರ ಅಕ್ಟೋಬರ್ 5ರಂದು ಬ್ರಿಟಿಷ್ ನೌಕಾಪಡೆಯ ಗುಂಡಿಗೆ ಸಿಡಿದು ಮುಳುಗಿದ ಸ್ಪೇನಿನ ‘ಮೆರ್ಸೆದೆಸ್’ ಎಂದು ನ್ಯಾಯಾಲಯದಲ್ಲಿ ಸ್ಥಾಪಿತವಾಯಿತು. ದಿಯೆಗೊ ದೆ ಆಲ್ವೆಯಾರ್ ಎಂಬ ಅಧಿಕಾರಿ ಹಿರಿಮಗನೊಡನೆ ಪಕ್ಕದ ಹಡಗಿನಲ್ಲಿದ್ದ. ಹೆಂಡತಿ ಮತ್ತು ಉಳಿದ ಮಕ್ಕಳು ಮೆರ್ಸೆದೆಸ್‌ನಲ್ಲಿದ್ದರು. ಹಡಗು ಸಿಡಿದದ್ದನ್ನು ಆತ ಕಣ್ಣಾರೆ ಕಂಡ. ಆ ತಾಯಿ ಮಕ್ಕಳು ಮಲಗಿರುವ ಜಾಗದಿಂದ ನಾಣ್ಯ ಹೆಕ್ಕಿ ಬಕೆಟ್ಟಿಗೆ ತುಂಬುವಾಗ ಕೈ ನಡುಗಲಿಲ್ಲವೇ ಎಂದು ಕೇಳಬಹುದಿತ್ತು. ಕೈ ಎಲ್ಲಿತ್ತು, ಅದು ಯಂತ್ರ. 2012ರ ಫೆಬ್ರವರಿಯಲ್ಲಿ ಎರಡು ಸೇನಾ ವಿಮಾನಗಳಲ್ಲಿ ನಾಣ್ಯಗಳು ಸ್ಪೇನಿಗೆ ಮರಳಿದವು. ಈಗ ಸ್ಪೇನಿನ ಕಾರ್ತಹೆನಾದ ಸಂಗ್ರಹಾಲಯದಲ್ಲಿವೆ. ನಾಣ್ಯ ಮರಳಿತು, ಅವು ಬಿದ್ದಿದ್ದ ರೀತಿ ಮರಳಲಿಲ್ಲ. ಈ ಬೆಳ್ಳಿ ನಮ್ಮ ಟಂಕಸಾಲೆಯದು ಎಂದು ಪೆರು ಕೂಡ ಅಮೆರಿಕದ ಕೋರ್ಟಿನ ಬಾಗಿಲು ಬಡಿಯಿತು. ಅದರ ಮಾತು ನಡೆಯಲಿಲ್ಲ.

ಇಷ್ಟು ದೂರದ ಕಡಲಿನ ವಿಷಯ ನಮಗೇಕೆ ಎಂದರೆ, ನಿಧಿಯಾಸೆ ಹೇಗೆ ಗುದ್ದಲಿ ಎತ್ತುತ್ತದೆ ಎಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಕೆಡವಿ ಹಾಕಿದರು. ಪಾಳು ಗುಡಿಯ ಬಸವನನ್ನು ಒಡೆದ, ಗರ್ಭಗುಡಿ ಅಗೆದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅವರನ್ನು ನಾವು ಕಳ್ಳರು ಅನ್ನುತ್ತೇವೆ, ಪೊಲೀಸರು ಹಿಡಿಯುತ್ತಾರೆ. ಷೇರು ಮಾರಿ, ವಕೀಲರನ್ನು ಇಟ್ಟು, ಕ್ಯಾಮೆರಾ ಕರೆಸಿ ಅದನ್ನೇ ಮಾಡಿದವರಿಗೆ ಬೇರೆ ಹೆಸರು ಕೊಡಲು ನಾನು ಸಿದ್ಧನಿಲ್ಲ.

ಕಾನೂನು ಇಲ್ಲವೆಂದಲ್ಲ. 2001ರಲ್ಲಿ ಯುನೆಸ್ಕೊ ನೀರಿನಡಿಯ ಪರಂಪರೆಯ ರಕ್ಷಣೆಗೆ ಒಪ್ಪಂದ ರೂಪಿಸಿತು. 2009ರಿಂದ ಜಾರಿಯಲ್ಲಿದೆ. ಮುಳುಗಿದ ಹಡಗನ್ನು ವ್ಯಾಪಾರಕ್ಕೆ ಬಳಸಬಾರದು, ಇದ್ದಲ್ಲೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು ಎಂದು ಅದು ಹೇಳುತ್ತದೆ. ಸ್ಪೇನ್ ಸೇರಿದೆ. ನಿಧಿ ಕಂಪನಿಗಳ ತವರಾದ ಅಮೆರಿಕ ಇಂದಿಗೂ ಸೇರಿಲ್ಲ, ಬ್ರಿಟನ್ ಸೇರಿಲ್ಲ. ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ 1715ರ ಜುಲೈನಲ್ಲಿ ಮುಳುಗಿದ ಹಡಗುಗಳ ದಂಡನ್ನು ಇಂದಿಗೂ ಪರವಾನಗಿ ಪಡೆದೇ ಬಗೆಯುತ್ತಾರೆ. ಸಿಕ್ಕಿದ್ದರಲ್ಲಿ ರಾಜ್ಯ ಸರ್ಕಾರಕ್ಕೂ ಪಾಲು ಹೋಗುತ್ತದೆ. ಪಾಲುಗಾರನೇ ಕಾವಲುಗಾರನಾದರೆ ಯಾರಿಗೆ ದೂರು ಕೊಡುವುದು? ಅಟೋಚಾದ ಹಿಂಬದಿಯ ಅಟ್ಟ ಇನ್ನೂ ಸಿಕ್ಕಿಲ್ಲವೆಂದು ಅದರ ಹೆಸರಿನಲ್ಲಿ ಇವತ್ತಿಗೂ ಹೂಡಿಕೆ ಎತ್ತುತ್ತಾರೆ. ಅಗೆಯುವ ಪರವಾನಗಿಯಲ್ಲಿ ಪ್ರೊಪೆಲರ್ ಕೊಳವೆಗೆ ಜಾಗವೇ ಇರಬಾರದು. ಹೂಡಿಕೆಯ ಮೇಲೆ ಪಾಲು ಹಂಚುವ ಒಪ್ಪಂದಕ್ಕೆ ಯಾವ ಸರ್ಕಾರವೂ ಸಹಿ ಹಾಕಬಾರದು. ಇದು ಬೇಡಿಕೆ, ವಿನಂತಿಯಲ್ಲ.

ಈಗ ಎಲ್ಲರ ಕಣ್ಣು ಕೊಲಂಬಿಯಾದ ಮೇಲಿದೆ. 1708ರ ಜೂನ್ 8ರಂದು ಅಲ್ಲಿನ ಕಾರ್ತಹೆನಾ ಬಳಿ ಬ್ರಿಟಿಷರ ಜೊತೆ ಕಾಳಗದಲ್ಲಿ ಸ್ಪೇನಿನ ಹಡಗು ‘ಸಾನ್ ಹೊಸೆ’ ಮುಳುಗಿತು. ಸುಮಾರು 600 ಜನರಿದ್ದರು. ಬದುಕಿದವರು ಬೆರಳೆಣಿಕೆಯಷ್ಟು. 2015ರಲ್ಲಿ ಹಡಗು ಸಿಕ್ಕಿತೆಂದು ಕೊಲಂಬಿಯಾ ಸರ್ಕಾರ ಸಾರಿತು. ಸುಮಾರು 600 ಮೀಟರ್ ಆಳದಲ್ಲಿದೆ. ಬೆಲೆ ಸಾವಿರಾರು ಕೋಟಿ ಡಾಲರ್ ಎಂದು ಪತ್ರಿಕೆಗಳು ಮತ್ತೆ ಕೂಗತೊಡಗಿವೆ. ತಾವೇ ಮೊದಲು ಕಂಡದ್ದೆಂದು ಅಮೆರಿಕದ ಕಂಪನಿಯೊಂದು ಸಾವಿರ ಕೋಟಿ ಡಾಲರ್ ಕೇಳಿ ಹೇಗ್ ನಗರದ ಪಂಚಾಯ್ತಿ ನ್ಯಾಯಮಂಡಳಿಗೆ ಹೋಗಿದೆ. ನಮ್ಮ ಹಿರಿಯರ ಬೆವರು ನೆತ್ತರು ಈ ಬೆಳ್ಳಿಯಲ್ಲಿದೆ ಎಂದು ಬೊಲಿವಿಯಾದ ಖಾರಾ ಖಾರಾ ಆದಿವಾಸಿಗಳು ಹಕ್ಕು ಕೇಳುತ್ತಿದ್ದಾರೆ. 2024ರಲ್ಲಿ ಕೊಲಂಬಿಯಾ ಆ ಜಾಗವನ್ನು ಸಂರಕ್ಷಿತ ಪುರಾತತ್ವ ಪ್ರದೇಶವೆಂದು ಘೋಷಿಸಿತು. ಒಳ್ಳೆಯದಾಯಿತು. ಆದರೆ ಸರ್ಕಾರಗಳು ಬದಲಾಗುತ್ತವೆ, ಸಾಲ ಏರುತ್ತದೆ, ಒಂದಿಷ್ಟು ನಾಣ್ಯ ಮಾರಿದರೇನು ಎನ್ನುವ ಮಂತ್ರಿ ಬಂದೇ ಬರುತ್ತಾನೆ.

ಅವನು ಬರುವ ಮೊದಲೇ ಕೊಲಂಬಿಯಾ, ಸ್ಪೇನ್ ಎರಡೂ ಕೂತು ಮಾಡಬೇಕಾದ ಕೆಲಸ ಇದೆ. ಸರಕಿನ ಪಟ್ಟಿ ಹುಡುಕಲು ತೋರಿದ ಶ್ರದ್ಧೆಯಲ್ಲೇ ಆ 600 ಜನರ ಪಟ್ಟಿಯನ್ನೂ ಸೆವಿಲ್ಲಾದ ಕಾಗದಗಳಲ್ಲಿ ಹುಡುಕಬೇಕು. ನಾವಿಕರು, ಸಿಪಾಯಿಗಳು, ಅಡುಗೆಯವರು, ಗುಲಾಮರು, ಹೆಸರು ಸಿಕ್ಕವರ ಹೆಸರು, ಸಿಗದವರ ಊರು, ಅದೂ ಸಿಗದಿದ್ದರೆ ಮಾಡುತ್ತಿದ್ದ ಕೆಲಸ, ಎಲ್ಲವನ್ನೂ ಅಚ್ಚು ಹಾಕಿಸಿ ಹಂಚಬೇಕು. ಪೊಟೊಸಿಯ ಮಿತಾ ದಾಖಲೆಗಳನ್ನು ಅದರ ಜೊತೆಗಿಡಬೇಕು. ಖಾರಾ ಖಾರಾ ಜನರನ್ನು ಕರೆದು ಮೇಜಿನ ಮುಂದೆ ಕೂರಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಹಡಗಿನ ಒಂದೇ ಒಂದು ನಾಣ್ಯಕ್ಕೂ ಯಾರೂ ಬೆಲೆ ಕಟ್ಟಕೂಡದು.